ಮೊದಲ ಮದುವೆ, ಮೊದಲ ಲೆಕ್ಕ: ಹೊಸ ಛಾಯಾಗ್ರಾಹಕರಿಗೆ ಗ್ರಾಹಕರು ದೊರೆಯುವ ಬಗೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಗಳಲ್ಲಿ ಅಲ್ಪ ಬಂಡವಾಳದಿಂದ ಆರಂಭಿಸಬಹುದಾದ ಸ್ವಯಂ ಉದ್ಯೋಗಗಳ ಪೈಕಿ ಮದುವೆ ಛಾಯಾಗ್ರಹಣವೂ ಒಂದು. ಪದವಿ ಮುಗಿಸಿದ ಅನೇಕ ಯುವಕರು ಸಾಲ ಮಾಡಿ ಕ್ಯಾಮೆರಾ ಕೊಳ್ಳುತ್ತಾರೆ. ಆದರೆ ಸಾಲದ ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ; ಮದುವೆಗಳು ಹಾಗೆ ಬರುವುದಿಲ್ಲ. ಮೊದಲ ಹತ್ತು ಗ್ರಾಹಕರನ್ನು ಹೇಗೆ ಸಂಪಾದಿಸಬೇಕು ಮತ್ತು ಯಾವ ದರಕ್ಕೆ ಒಪ್ಪಬೇಕು ಎಂಬ ಎರಡು ಪ್ರಶ್ನೆಗಳ ಮೇಲೆಯೇ ಈ ಉದ್ಯೋಗದ ಅಳಿವು ಉಳಿವು ನಿಂತಿದೆ.

ನಂಬಿಕೆಯೇ ಮೂಲ ಬಂಡವಾಳ

ಅಕ್ಷತೆ ಬೀಳುವ ಕ್ಷಣ ಮತ್ತೊಮ್ಮೆ ಬರುವುದಿಲ್ಲ. ಆದಕಾರಣ ಅಪರಿಚಿತನಿಗೆ, ಅವನು ಎಷ್ಟೇ ಕಡಿಮೆ ದರ ಹೇಳಲಿ, ಹಿರಿಯರು ಮದುವೆಯ ಕೆಲಸ ಒಪ್ಪಿಸಲು ಹಿಂಜರಿಯುವುದು ಸಹಜ. ಈ ಹಿಂಜರಿಕೆಯನ್ನು ಕಳೆಯಲು ಚಿಕ್ಕ ಸಮಾರಂಭಗಳಿಂದ ಆರಂಭಿಸುವುದು ಲೇಸು. ಕುಬಸ, ತೊಟ್ಟಿಲು, ಗೃಹಪ್ರವೇಶ, ನಿಶ್ಚಯ ಕಾರ್ಯಗಳಲ್ಲಿ ಚಿತ್ರ ಚೆನ್ನಾಗಿ ಬಂದು, ಹೇಳಿದ ದಿನಕ್ಕೆ ಆಲ್ಬಂ ಕೈಸೇರಿದರೆ, ಆ ಮನೆಯ ಬೀಗರೇ ಮುಂದಿನ ಗ್ರಾಹಕರಾಗುತ್ತಾರೆ.

ಎರಡನೆಯ ದಾರಿ, ಊರಿನ ಹಳೆಯ ಸ್ಟುಡಿಯೋದಲ್ಲಿ ಒಂದು ಹಂಗಾಮು ಸಹಾಯಕನಾಗಿ ದುಡಿಯುವುದು. ಒಂದೇ ಮುಹೂರ್ತಕ್ಕೆ ಮೂರು ಮದುವೆ ಬಂದಾಗ ಹಳೆಯ ಸ್ಟುಡಿಯೋದವರು ನಂಬಿಗಸ್ತ ಕೈಗೆ ಒಂದನ್ನು ವಹಿಸುತ್ತಾರೆ. ಆದರೆ ಅಲ್ಲಿ ಪರಿಚಯವಾದ ಗ್ರಾಹಕರನ್ನು ಹಿಂಬಾಗಿಲಿನಿಂದ ಸೆಳೆಯುವುದು ಸಲ್ಲದು. ಚಿಕ್ಕ ಊರಿನ ಪೇಟೆಯಲ್ಲಿ ಆ ಸುದ್ದಿ ಸಂಜೆಯೊಳಗೆ ಎಲ್ಲರಿಗೂ ಮುಟ್ಟುತ್ತದೆ.

ಮೂರನೆಯದು, ಮದುವೆಯ ಸುದ್ದಿ ಮೊದಲು ತಲುಪುವವರ ಪರಿಚಯ. ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸಿನವರು, ಕಲ್ಯಾಣ ಮಂಟಪದ ವ್ಯವಸ್ಥಾಪಕರು, ಪೆಂಡಾಲಿನವರು, ಅಡುಗೆಯವರು, ಜವಳಿ ಮತ್ತು ಬಂಗಾರದ ವ್ಯಾಪಾರಿಗಳು ಇವರೇ ಈ ವ್ಯವಹಾರದ ನಿಜವಾದ ಜಾಹೀರಾತು ಫಲಕಗಳು. ಇವರ ಅಂಗಡಿಯಲ್ಲಿ ಒಂದು ಮಾದರಿ ಆಲ್ಬಂ ಇರಿಸುವುದು ಉಪಯುಕ್ತ.

ಮಠಮಾನ್ಯಗಳು ಜಾತ್ರೆಗಳಲ್ಲಿ ಏರ್ಪಡಿಸುವ ಸಾಮೂಹಿಕ ವಿವಾಹಗಳು ಮತ್ತೊಂದು ಅವಕಾಶ. ವಿವಾಹ ನೋಂದಣಿಗೆ ಭಾವಚಿತ್ರ ಬೇಕಾಗುವುದರಿಂದ, ಪ್ರತಿ ಜೋಡಿಗೂ ಸ್ಪಷ್ಟವಾದ ಒಂದೆರಡು ಚಿತ್ರಗಳನ್ನು ಮುದ್ರಿಸಿ ಸಕಾಲದಲ್ಲಿ ತಲುಪಿಸಿದವನ ಹೆಸರು ಅನೇಕ ಹಳ್ಳಿಗಳಿಗೆ ಒಮ್ಮೆಗೇ ಹೋಗುತ್ತದೆ.

ಅರಿಷಿಣ, ಬಳೆ ಇಡಿಸುವಂತಹ ಹೆಣ್ಣುಮಕ್ಕಳ ಕಾರ್ಯಗಳಿಗೆ ಮಹಿಳಾ ಛಾಯಾಗ್ರಾಹಕರೇ ಬೇಕೆನ್ನುವ ಮನೆತನಗಳಿವೆ. ಈ ವೃತ್ತಿಗೆ ಬರಬಯಸುವ ಯುವತಿಯರಿಗೆ ಇದು ತೆರೆದ ಬಾಗಿಲು.

ಊರು ನೋಡಿ, ಪಂಚಾಂಗ ನೋಡಿ

ಇಂಡಿಯ ಸಂಬಂಧಗಳು ಸೊಲ್ಲಾಪುರ, ಅಕ್ಕಲಕೋಟೆಗಳವರೆಗೆ ಚಾಚಿವೆ. ಅಲ್ಲಿ ಮರಾಠಿ ಬಲ್ಲವನಿಗೆ ಅನುಕೂಲ ಹೆಚ್ಚು. ಸಿಂದಗಿಯವರ ಬೀಗತನ ಕಲಬುರಗಿ ಕಡೆಗೆ, ಮುದ್ದೇಬಿಹಾಳದವರದು ಬಾಗಲಕೋಟೆ, ಯಾದಗಿರಿ ಕಡೆಗೆ ಹರಿಯುತ್ತದೆ. ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿ ಜಿಲ್ಲಾ ಕೇಂದ್ರಕ್ಕೆ ಸಮೀಪವಾದುದರಿಂದ ಅಲ್ಲಿ ವಿಜಯಪುರದ ಸ್ಟುಡಿಯೋಗಳ ಪೈಪೋಟಿಯನ್ನೂ ಎದುರಿಸಬೇಕು. ದುಡಿಯಲು ಪುಣೆ, ಮುಂಬೈ, ಗೋವೆಗೆ ಹೋದ ಕುಟುಂಬಗಳು ಮದುವೆಗೆ ಊರಿಗೆ ಬಂದು ಬೇಗನೆ ಮರಳುತ್ತವೆ. ಅಂಥವರಿಗೆ ಆಲ್ಬಂ ತಲುಪಿಸುವ ಕ್ರಮ ಮತ್ತು ಬಾಕಿ ಹಣದ ದಿನವನ್ನು ಮೊದಲೇ ಗೊತ್ತುಪಡಿಸಿಕೊಳ್ಳತಕ್ಕದ್ದು.

ತುಳಸಿ ಲಗ್ನದ ನಂತರ ಹಂಗಾಮು ತೆರೆಯುತ್ತದೆ, ಧನುರ್ಮಾಸದಲ್ಲಿ ನಿಲ್ಲುತ್ತದೆ, ಅಕ್ಷಯ ತೃತೀಯದ ಆಸುಪಾಸಿನಲ್ಲಿ ತುಂಬುತ್ತದೆ, ಆಷಾಢದಲ್ಲಿ ಬರಿದಾಗುತ್ತದೆ. ಅಧಿಕ ಮಾಸವೂ ಲೆಕ್ಕದಲ್ಲಿರಬೇಕು. 2026ರಲ್ಲಿ ಅಧಿಕ ಜ್ಯೇಷ್ಠವು ಮೇ 17ರಿಂದ ಜೂನ್ 15ರವರೆಗೆ ಬೀಳುವುದರಿಂದ ಬೇಸಿಗೆಯ ಹಂಗಾಮಿನಲ್ಲಿ ಒಂದು ತಿಂಗಳೇ ಕಡಿಮೆ. ಮುಸ್ಲಿಂ ಬಾಂಧವರ ಮದುವೆಗಳು ಬೇರೆ ಪಂಚಾಂಗವನ್ನು ಅನುಸರಿಸುವುದರಿಂದ, ಎಲ್ಲ ಸಮುದಾಯಗಳ ಸಂಪರ್ಕವುಳ್ಳವನ ಆದಾಯದಲ್ಲಿ ಏರಿಳಿತ ಕಡಿಮೆಯಾಗುತ್ತದೆ.

ದರ ನಿಗದಿಯ ಗಣಿತ

ಮೊದಲ ಗ್ರಾಹಕನನ್ನು ಪಡೆಯುವ ಆತುರದಲ್ಲಿ ದರವನ್ನು ಇಳಿಸುವುದೇ ಹೊಸಬರು ಬೀಳುವ ಹಳ್ಳ. ಒಂದು ಉದಾಹರಣೆಯನ್ನು ಗಮನಿಸೋಣ. ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್, ಕಂಪ್ಯೂಟರ್ ಸೇರಿ ರೂ. 2,40,000 ವೆಚ್ಚವಾಗಿ, ಅವು ನಾಲ್ಕು ವರ್ಷ ಬಾಳುತ್ತವೆ ಎಂದಿಟ್ಟುಕೊಂಡರೆ ವರ್ಷಕ್ಕೆ ರೂ. 60,000 ಸವಕಳಿ. ವರ್ಷಕ್ಕೆ 20 ಮದುವೆಗಳಾದರೆ ಒಂದಕ್ಕೆ ರೂ. 3,000. ಆಲ್ಬಂ ರೂ. 6,000, ಸಹಾಯಕನಿಗೆ ರೂ. 1,500, ಪ್ರಯಾಣ ರೂ. 1,000, ವಿದ್ಯುತ್ತು ಮುಂತಾದವು ರೂ. 500 ಎಂದರೆ ಕೈಯಿಂದ ಹೋಗುವ ನಗದು ರೂ. 9,000. ಸವಕಳಿ ಸೇರಿ ರೂ. 12,000. ಚಿತ್ರೀಕರಣ, ಸಂಸ್ಕರಣೆ ಸೇರಿ ಐದು ದಿನದ ಸ್ವಂತ ದುಡಿಮೆಗೆ ದಿನಕ್ಕೆ ರೂ. 800ರಂತೆ ರೂ. 4,000. ಒಟ್ಟು ರೂ. 16,000.

ಇದೇ ಕೆಲಸವನ್ನು ರೂ. 10,000ಕ್ಕೆ ಒಪ್ಪಿಕೊಂಡವನ ಕೈಯಲ್ಲಿ ರೂ. 1,000 ಉಳಿಯುತ್ತದೆ. ಅವನು ಅದನ್ನು ಲಾಭವೆಂದು ಎಣಿಸುತ್ತಾನೆ. ವಾಸ್ತವದಲ್ಲಿ ಅವನು ತನ್ನ ಕ್ಯಾಮೆರಾದ ಆಯುಷ್ಯವನ್ನೂ ಐದು ದಿನಗಳ ಕೂಲಿಯನ್ನೂ ಬೀಗರಿಗೆ ಆಯೇರಿಯಾಗಿ ಕೊಟ್ಟಿರುತ್ತಾನೆ. ನಾಲ್ಕು ವರ್ಷಗಳ ನಂತರ ಕ್ಯಾಮೆರಾ ಕೆಟ್ಟಾಗ ಹೊಸದನ್ನು ಕೊಳ್ಳಲು ಹಣವಿರುವುದಿಲ್ಲ. ರಿಯಾಯಿತಿ ಕೊಡಲೇಬೇಕಾದರೆ ಆಲ್ಬಂ ಪುಟಗಳನ್ನು ಕಡಿಮೆ ಮಾಡಿ ದರ ಇಳಿಸುವುದು ಮೇಲು. ಒಮ್ಮೆ ಇಳಿಸಿದ ದರವನ್ನು ಅದೇ ಊರಿನಲ್ಲಿ ಏರಿಸುವುದು ಕಷ್ಟ.

ಸಾಲ ಮತ್ತು ಕಾನೂನು

2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ರೂ. 50,000ದವರೆಗೆ, ಕಿಶೋರ ವರ್ಗದಲ್ಲಿ ರೂ. 5 ಲಕ್ಷದವರೆಗೆ ಸಾಲಕ್ಕೆ ಅವಕಾಶವಿದೆ. ಉದ್ಯಮ್ ನೋಂದಣಿ ಉಚಿತ. ಸೇವೆಗಳಿಂದ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿಯ ಅಗತ್ಯವಿಲ್ಲ. ಆದರೂ ಮೊದಲ ದಿನದಿಂದಲೇ ಪ್ರತ್ಯೇಕ ಬ್ಯಾಂಕ್ ಖಾತೆ, ಮುಂಗಡಕ್ಕೆ ರಸೀದಿ, ಜಮಾ ಖರ್ಚಿನ ಪುಸ್ತಕ ಇರಿಸತಕ್ಕದ್ದು. ಮುಂದಿನ ಸಾಲಕ್ಕೆ ಇವೇ ಸಾಕ್ಷಿ.

ಮಾದರಿ ಆಲ್ಬಮ್ಮಿಗೂ ಒಂದು ನಿಯಮವುಂಟು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಹಣ ಕೊಟ್ಟು ತೆಗೆಸಿದ ಭಾವಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ. ಆದ್ದರಿಂದ ಒಂದು ಪುಟದ ಕರಾರಿನಲ್ಲಿ ಮುಂಗಡ, ಆಲ್ಬಂ ಕೊಡುವ ದಿನ, ಬಾಕಿಯ ಕಂತುಗಳ ಜೊತೆಗೆ ಪ್ರದರ್ಶನಕ್ಕೆ ಮನೆಯವರ ಅನುಮತಿಯನ್ನೂ ಬರೆಸಿಕೊಳ್ಳಬೇಕು.

ಕೊನೆಯದಾಗಿ, ಅತ್ಯಂತ ಮಹತ್ವದ ಮಾತು. ವಧುವಿಗೆ 18, ವರನಿಗೆ 21 ವರ್ಷ ತುಂಬಿರುವುದನ್ನು ಕೇಳಿ ಖಚಿತಪಡಿಸಿಕೊಳ್ಳದೆ ಮುಂಗಡ ಪಡೆಯಬಾರದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಇಂತಹ ಮದುವೆ ನಡೆಸಿದವರಿಗಷ್ಟೇ ಅಲ್ಲದೆ ಕುಮ್ಮಕ್ಕು ನೀಡಿದವರಿಗೂ ಎರಡು ವರ್ಷದವರೆಗೆ ಕಠಿಣ ಸಜೆ ಹಾಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡದ ಅವಕಾಶವಿದೆ. ಗ್ರಾಹಕರಿಲ್ಲದೆ ಕುಳಿತವನಿಗೆ ಬಂದ ಕೆಲಸವನ್ನು ಬಿಡುವುದು ಕಠಿಣವೇ ಸರಿ. ಆದರೆ ಅಂತಹ ಕೆಲಸವನ್ನು ಬಿಟ್ಟವನು ಒಂದು ಮುಂಗಡವನ್ನಷ್ಟೇ ಕಳೆದುಕೊಳ್ಳುತ್ತಾನೆ. ಒಪ್ಪಿಕೊಂಡವನು ವೃತ್ತಿಯನ್ನೇ ಕಳೆದುಕೊಳ್ಳಬಹುದು, ಮೇಲಾಗಿ ಒಂದು ಹೆಣ್ಣುಮಗುವಿನ ಬಾಳು ಕೆಡುವುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತಾನೆ.