ಹೋರಿ ಹಿಡಿಯೋ ಕ್ಯಾಮೆರಾ ಬೇಕಾಗೈತಿ!

ದೀಪಾವಳಿ ಬಂತೆಂದರೆ ನಮ್ಮ ಹಾವೇರಿ ಜಿಲ್ಲೆಯಲ್ಲಿ ಹೋರಿ ಹಬ್ಬದ ಗುಂಗು. ಕೊರಳಿಗೆ ಕೊಬ್ಬರಿ ಮಾಲೆ, ಕೋಡಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಅಖಾಡಕ್ಕೆ ನುಗ್ಗಿದರೆ ಕೊಬ್ಬರಿ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಹಂಸಭಾವಿಯ ನಮ್ಮ ಗೆಳೆಯರ ಬಳಗದ ಸ್ಟೇಟಸ್ಸುಗಳಲ್ಲಿ ಸಂಜೆ ನೋಡಿದರೆ ಹೋರಿಯೆಂಬುದು ಬರೀ ಮಸುಕು, ಕೊಬ್ಬರಿ ಮಾಲೆ ಒಂದು ಗೆರೆ!

ಅದಕ್ಕೇ ಡಿಎಸ್‌ಎಲ್‌ಆರ್ ತೆಗೆದುಕೊಳ್ಳುವ ಆಸೆ. ‘ಮೊಬೈಲ್ ಐತಲ್ಲ, ಅದರಾಗ ಬರೂದಿಲ್ಲೇನು?’ ಅಂತಾಳೆ ಅವ್ವ. ಪ್ರಶ್ನೆ ಸರಿಯಾದದ್ದೇ. ಮದುವೆ ಮನೆಯ ಗ್ರೂಪ್ ಫೋಟೊ, ಮದಗದ ಕೆರೆಯ ಸೂರ್ಯಾಸ್ತಕ್ಕೆ ಮೊಬೈಲೇ ಸಾಕು. ಮಬ್ಬು ಬೆಳಕಿನಲ್ಲಿ ಅದು ಹಲವು ಚಿತ್ರ ತೆಗೆದು ಒಂದಾಗಿ ಬೆಸೆಯುತ್ತದೆ. ಆದರೆ ಹೋರಿ ಅಷ್ಟು ಹೊತ್ತು ನಿಲ್ಲಬೇಕಲ್ಲ! ಓಟವನ್ನು ಚೊಕ್ಕವಾಗಿ ಹಿಡಿಯಲು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ವೇಗದ ಶಟರ್ ಬೇಕು. ಅಷ್ಟರೊಳಗೆ ಸಾಕಷ್ಟು ಬೆಳಕು ಹೀರಲು ದೊಡ್ಡ ಸೆನ್ಸರ್ ಬೇಕು. ಆರಂಭಿಕ ಡಿಎಸ್‌ಎಲ್‌ಆರ್‌ಗಳಲ್ಲೂ ಅದು ಸುಮಾರು 22×15 ಮಿ.ಮೀ. ಇರುತ್ತದೆ.

ಆದರೆ ತೊಡಕಿರುವುದು ಲೆನ್ಸಿನಲ್ಲಿ. ಕ್ಯಾಮೆರಾ ಜೊತೆಗೆ ಸಾಮಾನ್ಯವಾಗಿ ಕೊಡುವುದು 18-55 ಲೆನ್ಸ್. ಅದರಲ್ಲಿ ಹೋರಿಯ ಮುಖ ತುಂಬಬೇಕೆಂದರೆ ಹೋರಿಯ ದಾರಿಗೇ ನಿಲ್ಲಬೇಕು. ಫೋಟೊಗ್ರಾಫರ್ ಎಂದು ಅದೇನೂ ಬಿಡುವುದಿಲ್ಲ. ದೂರ ನಿಂತು ತೆಗೆಯಲು 55-250 ಬೇಕು. ರಾಣೆಬೆನ್ನೂರು ಅಭಯಾರಣ್ಯದ ಕೃಷ್ಣಮೃಗಕ್ಕೆ ಅದೂ ಸಾಲದಾಗಬಹುದು. ಅಲ್ಲಿಗೆ ಬಜೆಟ್ಟಿನ ಕಥೆ ಮುಗಿಯಿತು.

ಉಳಿದದ್ದು ಸೆಕೆಂಡ್ ಹ್ಯಾಂಡ್. ಹೆಚ್ಚಿನ ಕಂಪನಿಗಳು ಮಿರರ್‌ಲೆಸ್ ಕಡೆ ಹೊರಳಿವೆ. 2018ರಲ್ಲಿ ಬಂದ ನಿಕಾನ್ ಡಿ3500 ತಯಾರಿಕೆ ನಿಂತೇ ಹೋಗಿದೆ. ಹೊಸದು ಕೊಳ್ಳುವವರಿಗೆ ಇದು ಚಿಂತೆ, ನನ್ನಂಥವರಿಗೆ ಅನುಕೂಲ. ಶಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಬೇಕು, ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟಿನ ಎಳೆ ಇದೆಯೇ ನೋಡಬೇಕು. ಮಳೆಗಾಲದಲ್ಲಿ ಬೀರುವಿನಲ್ಲಿಟ್ಟು ಮರೆತ ಲೆನ್ಸುಗಳಿಗೆ ಅದೇ ರೋಗ.

ನನ್ನಲ್ಲಿರುವ ದುಡ್ಡು ಬಿ.ಇಡಿ ಫೀಸಿಗೆಂದು ಎತ್ತಿಟ್ಟದ್ದು. ಅದಕ್ಕೇ ಈ ದೀಪಾವಳಿಗೆ ಖರೀದಿ ಇಲ್ಲ, ಒಂದು ದಿನದ ಬಾಡಿಗೆ. ಪರಿಚಯದ ಸ್ಟುಡಿಯೊದವರು ಹಳೆಯ ಕ್ಯಾಮೆರಾ, 55-250 ಲೆನ್ಸ್ ಕೊಡಲು ಒಪ್ಪಿದ್ದಾರೆ. ನೂರು ಫೋಟೊದಲ್ಲಿ ಹತ್ತರಲ್ಲಾದರೂ ಕೊಬ್ಬರಿ ಎಣಿಸುವಂತಿದ್ದರೆ ಅವ್ವನ ಮುಂದೆ ಮತ್ತೆ ಮಾತು ತೆಗೆಯುವುದು. ಇಲ್ಲವಾದರೆ ಫೀಸ್ ಕಟ್ಟುವುದು.