ಖೋಕಾ ಕೈಗೆ ಸಿಕ್ಕರೆ: ತೋಟಾಗಳ ಬಗ್ಗೆ ನಂಬಿಕೆ ಮತ್ತು ನಿಜ

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣ ಕೂಡಿಡುವವರನ್ನು ನಾವೆಲ್ಲ ಕಂಡಿದ್ದೇವೆ. ಮಿಲಿಟರಿ ತೋಟಾಗಳನ್ನು ಕೂಡಿಡುವವರೂ ಇದ್ದಾರೆ. ಯುರೋಪು, ಅಮೆರಿಕಗಳಲ್ಲಿ ಇವರಿಗೆ ಸಂಘಗಳಿವೆ, ಮೇಳಗಳಿವೆ, ದಪ್ಪ ದಪ್ಪ ಪುಸ್ತಕಗಳಿವೆ. ಬಹುಪಾಲು ಮಂದಿಗೆ ಬಂದೂಕಿನ ಹುಚ್ಚಿಲ್ಲ. ವರ್ನಿಯರ್ ಕ್ಯಾಲಿಪರ್, ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಕೂರುವ ಜಾತಿ. ನಮ್ಮಲ್ಲಿ ಈ ಹವ್ಯಾಸಕ್ಕೆ ಕಾನೂನಿನ ಬಿಗಿ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ತೋಟಾದ ಬಗ್ಗೆ ಕತೆ ಕಟ್ಟುವುದಕ್ಕೆ ಮಾತ್ರ ಯಾವ ಲೈಸನ್ಸೂ ಬೇಡ, ಹಾಗಾಗಿ ಕತೆಗಳಿಗೆ ಬರವಿಲ್ಲ.

ಮೊದಲು ಅಂಗಾಂಗಗಳ ಪರಿಚಯ. ತೋಟಾ ಎಂದರೆ ನಾಲ್ಕು ಭಾಗ: ಹಿತ್ತಾಳೆಯ ಕೇಸು, ಅದರ ಬಾಯಲ್ಲಿ ಕೂತ ಗುಂಡು, ಹೊಟ್ಟೆಯೊಳಗೆ ಮದ್ದು, ಬುಡದ ನಡುವೆ ಕೇಪು. ಹಾರಿ ಹೋಗುವುದು ಗುಂಡು. ಬಂದೂಕಿನಿಂದ ಹೊರಬಿದ್ದು ಅಲ್ಲೇ ಉಳಿಯುವುದು ಖಾಲಿ ಕೇಸು. ಸೈನ್ಯದಲ್ಲಿ, ಎನ್‌ಸಿಸಿಯಲ್ಲಿ ಅದನ್ನು ಖೋಕಾ ಎನ್ನುತ್ತಾರೆ.

"ಇದು 1857ರ ತೋಟಾ, ಸಾರ್"

ಹಳೇ ಸಾಮಾನಿನ ಅಂಗಡಿಗಳಲ್ಲಿ ಅತಿ ಹೆಚ್ಚು ಬಿಕರಿಯಾಗುವ ಕತೆ ಇದು. ತೋರಿಸುವುದು ಹಿತ್ತಾಳೆಯ ಕೇಸು, ಹೇಳುವುದು ಸಿಪಾಯಿಗಳ ಕತೆ. ಆದರೆ 1857ರ ತೋಟಾದಲ್ಲಿ ಹಿತ್ತಾಳೆಯೇ ಇರಲಿಲ್ಲ. ಎನ್‌ಫೀಲ್ಡ್ ಬಂದೂಕಿನ ಆ ತೋಟಾ ಕಾಗದದ ಸುರುಳಿ. ಒಳಗೆ ಕರಿಮದ್ದು ಮತ್ತು ಸೀಸದ ಗುಂಡು, ಹೊರಗೆ ಜಿಡ್ಡು ಸವರಿದ ಕಾಗದ. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಕೆಯ ಬಾಯಿಗೆ ಸುರಿದು, ಗುಂಡನ್ನು ಕಡ್ಡಿಯಿಂದ ದೂಡಬೇಕಿತ್ತು. ಜಿಡ್ಡು ಹಸು ಹಂದಿಗಳದ್ದು ಎಂಬ ಮಾತು ಕಲ್ಕತ್ತಾ ಬಳಿಯ ಡಂಡಂನಲ್ಲಿ 1857ರ ಜನವರಿಯಲ್ಲಿ ಹಬ್ಬಿದ್ದು ಈ ಕಚ್ಚುವ ಕೆಲಸದಿಂದಾಗಿಯೇ. ಹಿತ್ತಾಳೆಯನ್ನು ಯಾರು ಕಚ್ಚುತ್ತಾರೆ?

ಬ್ರಿಟಿಷ್ ಸೈನ್ಯಕ್ಕೆ ಲೋಹದ ತೋಟಾ ಬಂದದ್ದು ಸ್ನೈಡರ್ ಬಂದೂಕಿನ ಜೊತೆ, 1860ರ ದಶಕದ ಎರಡನೇ ಅರ್ಧದಲ್ಲಿ. ಅದೂ ತೆಳು ಹಿತ್ತಾಳೆ ಹಾಳೆ ಸುತ್ತಿ ಮಾಡಿದ್ದು. ವುಲ್ವಿಚ್‌ನ ರಾಯಲ್ ಲ್ಯಾಬೊರೇಟರಿಯ ಕರ್ನಲ್ ಬಾಕ್ಸರ್ ಅದನ್ನು ರೂಪಿಸಿದ. ಇಡಿಯಾಗಿ ಎಳೆದು ತೆಗೆದ ಗಟ್ಟಿ ಹಿತ್ತಾಳೆ ಕೇಸು ಬರುವ ಹೊತ್ತಿಗೆ 1880ರ ದಶಕ. ಹಾಗಾಗಿ ಹೊಳೆಯುವ ಕೇಸು ಹಿಡಿದು ಮಂಗಲ್ ಪಾಂಡೆಯ ಹೆಸರು ಹೇಳುವವರಿಗೆ ಕೈಮುಗಿದು ಮುಂದೆ ಹೋಗುವುದು ಒಳ್ಳೆಯದು.

"ಬುಡದಲ್ಲಿರುವುದು ಯುದ್ಧದ ಇಸವಿ"

ಬುಡದ ಮುದ್ರೆ ಓದುವುದೇ ಈ ಹವ್ಯಾಸದ ಜೀವ. ಭಾರತದಲ್ಲಿ ತಯಾರಾದ .303 ಬಂದೂಕಿನ ತೋಟಾದ ಬುಡ ನೋಡಿ: 'ಕೆಎಫ್' ಎಂದಿದ್ದರೆ ಪುಣೆ ಬಳಿಯ ಕಿರ್ಕಿ, ಅಂದರೆ ಇಂದಿನ ಖಡಕಿಯ ಕಾರ್ಖಾನೆ. ಅದು 1869ರಿಂದ ಮದ್ದುಗುಂಡು ಮಾಡುತ್ತಿದೆ. 'ಒಎಫ್‌ವಿ' ಎಂದಿದ್ದರೆ ಮಹಾರಾಷ್ಟ್ರದ ವರಣಗಾಂವ್. ಹೊರದೇಶದ ತೋಟಾಗಳಲ್ಲಿ 'ಆರ್‌ಎಲ್' ವುಲ್ವಿಚ್‌ನ ರಾಯಲ್ ಲ್ಯಾಬೊರೇಟರಿ, 'ಆರ್‌ಜಿ' ಇಂಗ್ಲೆಂಡಿನ ರಾಡ್‌ವೇ ಗ್ರೀನ್, 'ಎಲ್‌ಸಿ' ಅಮೆರಿಕದ ಲೇಕ್ ಸಿಟಿ. ಜೊತೆಗಿರುವ 42, 43ರಂಥ ಎರಡಂಕಿ ತಯಾರಾದ ಇಸವಿ. ಇನ್ನು ರೋಮನ್ ಏಳು ಇದ್ದರೆ ಅದು ಇಸವಿಯಲ್ಲ, ತೋಟಾದ ಮಾದರಿ, ಏಳನೇ ಮಾರ್ಕ್. ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಬ್ರಿಟಿಷರು ರೋಮನ್ ಅಂಕಿ ಬಿಟ್ಟು ಸಾಮಾನ್ಯ 7ಕ್ಕೆ ಬಂದರು. ಸೋವಿಯತ್ ತೋಟಾದಲ್ಲಿ ಹೆಸರಿನ ಬದಲು ಕಾರ್ಖಾನೆಯ ಸಂಖ್ಯೆ ಇರುತ್ತದೆ. 17 ಎಂದರೆ ಬರ್ನೌಲ್, 60 ಎಂದರೆ ಇಂದಿನ ಕಿರ್ಗಿಸ್ತಾನದ ಬಿಷ್ಕೆಕ್. ಅದನ್ನೇ ಇಸವಿ ಎಂದುಕೊಂಡು 1917ರ ಕ್ರಾಂತಿಯ ತೋಟಾ ಎಂದು ಬೀಗುವವರೂ ಉಂಟು.

ಇಸವಿ ಸರಿಯಾಗಿ ಓದಿದರೂ ಅದು ಹುಟ್ಟಿದ ವರ್ಷ ಮಾತ್ರ. 1943ರಲ್ಲಿ ಪೆಟ್ಟಿಗೆ ಸೇರಿದ .303 ಅದೇ ವರ್ಷ ಬರ್ಮಾದಲ್ಲಿ ಸಿಡಿದಿರಬಹುದು, ದಶಕಗಳ ಮೇಲೆ ಯಾವುದೋ ಪೊಲೀಸ್ ತರಬೇತಿ ಮೈದಾನದಲ್ಲೂ ಸಿಡಿದಿರಬಹುದು. ಬುಡದ ಮುದ್ರೆ ಕಾರ್ಖಾನೆಯ ಲೆಕ್ಕಕ್ಕೆ ಹಾಕಿದ್ದು, ಅದಕ್ಕೂ ರಣರಂಗಕ್ಕೂ ಸಂಬಂಧವಿಲ್ಲ. ಇದನ್ನು ಒಪ್ಪಿಕೊಳ್ಳಲು ಹೊಸ ಸಂಗ್ರಾಹಕರಿಗೆ ಸಂಕಟವಾಗುತ್ತದೆ. ವೀರನ ಕತೆಗೆ ಸಿಗುವ ಬೆಲೆ ಲೇತ್ ಮಶೀನಿನ ಕತೆಗೆ ಎಲ್ಲಿ ಸಿಗುತ್ತದೆ?

"ಕೊರಳು ಸುಟ್ಟಿದೆ, ಬಿರುಕು ಬಿಟ್ಟಿದೆ, ಕಳಪೆ ಮಾಲು"

ನನಗೆ ಅತ್ಯಂತ ಇಷ್ಟವಾದ ತಪ್ಪು ತಿಳಿವಳಿಕೆ ಇದು, ಏಕೆಂದರೆ ಇದರ ಉತ್ತರ ನಮ್ಮ ಮಳೆಗಾಲದಲ್ಲಿದೆ.

ಮಿಲಿಟರಿ ತೋಟಾವನ್ನು ಬೆಳಕಿಗೆ ಹಿಡಿದರೆ ಕೊರಳು ಮತ್ತು ಭುಜದ ಸುತ್ತ ನೀಲಿ, ನೇರಳೆ, ಕಂದು ಬೆರೆತ ಮಬ್ಬು ಪಟ್ಟಿ ಕಾಣುತ್ತದೆ. ನೋಡಿದವರು ಇದು ಬೆಂಕಿಗೆ ಬಿದ್ದದ್ದು ಎಂದೋ, ಸಿಡಿಸಿ ಮತ್ತೆ ತುಂಬಿದ್ದು ಎಂದೋ ತೀರ್ಮಾನಿಸುತ್ತಾರೆ. ಕೆಲವು ಹಳೆಯ ಕೇಸುಗಳ ಕೊರಳಲ್ಲಿ ಉದ್ದುದ್ದ ಸೀಳು ಬಿಟ್ಟಿರುತ್ತದೆ. ಅದಕ್ಕೆ ಹಿತ್ತಾಳೆಯನ್ನೇ ಬಯ್ಯುತ್ತಾರೆ.

ಬ್ರಿಟಿಷ್ ಆಡಳಿತದ ಕಾಲದಲ್ಲಿ ಮುಂಗಾರು ಹಿಡಿದರೆ ಸೈನ್ಯದ ಓಡಾಟ ತಗ್ಗುತ್ತಿತ್ತು. ಮಳೆ ನಿಲ್ಲುವವರೆಗೆ ತೋಟಾಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡುತ್ತಿದ್ದರು. ಮಳೆಗಾಲ ಮುಗಿದು ತೆಗೆದು ನೋಡಿದರೆ ಯಾರೂ ಮುಟ್ಟದ, ಒಮ್ಮೆಯೂ ಸಿಡಿಯದ ಕೇಸುಗಳು ತಾವಾಗಿ ಸೀಳಿರುತ್ತಿದ್ದವು. ಕಾರಣ ಸ್ಪಷ್ಟವಾದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಲೋಹಶಾಸ್ತ್ರಜ್ಞರು ವಿವರಿಸಿದಾಗ. ಕುದುರೆ ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆಯ ತಾಮ್ರದ ಮೇಲೆ ಎರಗುತ್ತದೆ. ಕೇಸನ್ನು ತಣ್ಣಗೇ ಎಳೆದು, ಒತ್ತಿ ಆಕಾರಕ್ಕೆ ತರುವಾಗ ಲೋಹದೊಳಗೆ ಬಿಗಿತ ಉಳಿದಿರುತ್ತದೆ. ಬಿಗಿತವೂ ಅಮೋನಿಯಾವೂ ತೇವವೂ ಕೂಡಿದ ಕಡೆ ಹಿತ್ತಾಳೆ ಸೀಳುತ್ತದೆ.

ಮದ್ದು ಸರಳ: ಕೊರಳನ್ನು ಹದವಾಗಿ ಕಾಯಿಸಿ ಒಳಬಿಗಿತ ಇಳಿಸುವುದು. ಆ ಕಾವಿನ ಗುರುತೇ ನೀಲಿ ಪಟ್ಟಿ. ಬೇಟೆ ತೋಟಾ ಮಾಡುವ ಕಂಪನಿಗಳು ಅಂದಕ್ಕಾಗಿ ಪಟ್ಟಿಯನ್ನು ತಿಕ್ಕಿ ತೆಗೆಯುತ್ತವೆ. ಸೈನ್ಯಕ್ಕೆ ಕೊಡುವವರು ಕಾಯಿಸಿದ್ದೇವೆ ಎಂಬುದಕ್ಕೆ ಸಾಕ್ಷಿಯಾಗಲಿ ಎಂದು ಹಾಗೇ ಬಿಡುತ್ತಾರೆ.

ಹಾಗಾಗಿಯೇ ಹುಣಸೆಹಣ್ಣು, ಬ್ರಾಸೋ ಹಾಕಿ ಉಜ್ಜಿದ ಕೇಸನ್ನು ತಿಳಿದವರು ಮೂಸಿ ನೋಡುವುದಿಲ್ಲ. ಪಟ್ಟಿ ಹೋಯಿತು, ಕೇಪಿನ ಸುತ್ತಲಿನ ಬಣ್ಣ ಹೋಯಿತು, ಬುಡದ ಅಕ್ಷರವೂ ಸವೆಯಿತು; ಉಳಿದದ್ದು ಷೋಕೇಸಿನ ಹೊಳಪು ಒಂದೇ.

.303ರ ಹೊಟ್ಟೆಯೊಳಗೂ ಒಂದು ಸ್ವಾರಸ್ಯ. ಅದರ ಮದ್ದು ಕಾರ್ಡೈಟ್ ಪುಡಿಯಾಗಿರದೆ ಶಾವಿಗೆಯಂಥ ಎಳೆಗಳ ಕಟ್ಟಾಗಿರುತ್ತಿತ್ತು. ಅಷ್ಟು ದಪ್ಪ ಕಟ್ಟು ಕಿರಿದಾದ ಕೊರಳಲ್ಲಿ ಹೇಗೆ ತೂರಿತು ಎಂದು ತಲೆ ಕೆಡಿಸಿಕೊಳ್ಳುವವರಿದ್ದಾರೆ. ತೂರಲೇ ಇಲ್ಲ. ಕೇಸು ನೆಟ್ಟಗೆ ಕೊಳವೆಯಂತಿದ್ದಾಗಲೇ ಕಟ್ಟನ್ನು ಇಳಿಸಿ, ಮೇಲೆ ರಟ್ಟಿನ ಬಿಲ್ಲೆ ಇಟ್ಟು, ಆಮೇಲೆ ಕೊರಳು ಹಿಸುಕುತ್ತಿದ್ದರು. ಕಾರ್ಡೈಟ್ ಮಾಡುತ್ತಿದ್ದ ಊರು ಬಹಳ ದೂರದ್ದಲ್ಲ: ಊಟಿ ರೈಲಿನಲ್ಲಿ ಹೋದವರು ಕೂನೂರು ದಾಟಿದ ಮೇಲೆ ಅರುವಂಕಾಡು ನಿಲ್ದಾಣ ಕಂಡಿರುತ್ತಾರೆ. ಅಲ್ಲಿನ ಕಾರ್ಡೈಟ್ ಕಾರ್ಖಾನೆ 20ನೇ ಶತಮಾನದ ಆರಂಭದ್ದು.

"ಮೂತಿ ಹಸಿರು, ಅಯಸ್ಕಾಂತ ಅಂಟುತ್ತದೆ: ಉಕ್ಕು ಸೀಳುವ ಗುಂಡೇ ಸರಿ"

ಬಣ್ಣಕ್ಕೆ ಲೋಕವೆಲ್ಲ ಒಪ್ಪಿದ ಅರ್ಥವಿಲ್ಲ. ಬ್ರಿಟಿಷ್ .303ರಲ್ಲಿ ಕೇಪಿನ ಸುತ್ತ ನೇರಳೆ ಇದ್ದರೆ ಸಾಮಾನ್ಯ ಗುಂಡು, ಕೆಂಪಿದ್ದರೆ ದಾರಿಯುದ್ದಕ್ಕೂ ಬೆಳಗುವ ಟ್ರೇಸರ್, ನೀಲಿಯಿದ್ದರೆ ಬೆಂಕಿ ಹಚ್ಚುವಂಥದ್ದು, ಹಸಿರಿದ್ದರೆ ಕವಚ ಭೇದಿಸುವಂಥದ್ದು. ಸೋವಿಯತ್ 7.62 ಮಿಲಿಮೀಟರ್ ಗುಂಡಿನ ಹಸಿರು ಮೂತಿ ಟ್ರೇಸರ್. ನ್ಯಾಟೋ 5.56ರ ಹಸಿರು ಮೂತಿ ಪದಾತಿ ದಳದ ಸಾದಾ ಗುಂಡು. ತುದಿಯಲ್ಲಿ ಚಿಕ್ಕ ಉಕ್ಕಿನ ಚೂರಿದೆ ಎಂಬುದು ನಿಜ, ಆದರೆ ಕವಚಭೇದಿಗೆ ಅವರು ಹಚ್ಚುವುದು ಕಪ್ಪು. ದೇಶ ಯಾವುದೆಂದು ಬುಡ ನೋಡದೆ ಮೂತಿ ನೋಡಿ ಹೇಳಿದ್ದು ಕಣಿ ಹೇಳಿದ ಹಾಗೆಯೇ.

ಅಯಸ್ಕಾಂತವೂ ಅಷ್ಟೇ. ತಾಮ್ರ ಉಳಿಸಲು ಗುಂಡಿನ ಹೊದಿಕೆಯನ್ನೇ ಉಕ್ಕಿನಲ್ಲಿ ಮಾಡಿ ಮೇಲೆ ತಾಮ್ರದ ತೆಳು ಲೇಪ ಕೊಟ್ಟ ದೇಶಗಳಿವೆ. ಎಕೆ-47ರ ಸಾಧಾರಣ ಗುಂಡಿನ ತಿರುಳೇ ಮೆದು ಉಕ್ಕು. ಅದು ಸೀಸದ ಖರ್ಚು ಉಳಿಸುವ ಉಪಾಯ.

7.62 ಎಂದರೆ ಎಲ್ಲ ಒಂದೇ ಎಂಬುದೂ ಇದೇ ಸಾಲಿನದು. ನಮ್ಮ ಎಸ್‌ಎಲ್‌ಆರ್ ಬಂದೂಕಿನ ಕೇಸು 51 ಮಿಲಿಮೀಟರ್ ಉದ್ದ, ಎಕೆಯದ್ದು 39, ಹಳೆಯ ರಷ್ಯನ್ ಮೋಸಿನ್‌ನದು 54 ಮತ್ತು ಬುಡದಲ್ಲಿ ಹೊರಚಾಚಿದ ಅಂಚು. ಒಂದರದ್ದು ಇನ್ನೊಂದಕ್ಕೆ ಆಗದು. ಕ್ಯಾಲಿಪರ್ ಬೇಕಾಗುವುದು ಇಲ್ಲಿಯೇ.

"ಡಂಡಂ ಬುಲೆಟ್ ಒಳಗೆ ಹೋಗಿ ಸ್ಫೋಟಿಸುತ್ತದೆ"

ಪತ್ತೇದಾರಿ ಕಾದಂಬರಿಗಳ ಕೃಪೆ. ಕೆಲವರು ವಿಷವನ್ನೂ ಬೆರೆಸುತ್ತಾರೆ. ಡಂಡಂ ಗುಂಡಿನಲ್ಲಿ ಸ್ಫೋಟಕವೂ ಇಲ್ಲ, ವಿಷವೂ ಇಲ್ಲ. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ .303ರ ಪೂರ್ತಿ ಹೊದಿಕೆಯ ಗುಂಡು ಎದುರಾಳಿಯನ್ನು ತೂರಿ ಹೋದರೂ ತಡೆಯುತ್ತಿಲ್ಲ ಎಂದು ಸೈನ್ಯ ಗೊಣಗಿತು. ಡಂಡಂ ಕಾರ್ಖಾನೆಯ ಮೇಲ್ವಿಚಾರಕ ಕ್ಯಾಪ್ಟನ್ ಬರ್ಟಿ ಕ್ಲೇ ಮಾಡಿದ್ದಿಷ್ಟೇ: ಮೂತಿಯ ಹೊದಿಕೆಯನ್ನು ಚೂರು ಮೋಟು ಮಾಡಿ ಒಳಗಿನ ಸೀಸ ಕಾಣುವಂತೆ ಬಿಟ್ಟ. ಮೈಗೆ ತಾಗಿದಾಗ ಮೆತ್ತನೆ ಸೀಸ ಅಣಬೆಯಂತೆ ಅರಳುತ್ತದೆ, ಗಾಯ ಭೀಕರವಾಗುತ್ತದೆ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇಂಥ ಗುಂಡುಗಳನ್ನು ನಿಷೇಧಿಸಿತು. ಬ್ರಿಟನ್ ಅದಕ್ಕೆ ತಲೆಬಾಗಿದ್ದು 1907ರಲ್ಲಿ. ತಾನೇ ಹುಟ್ಟಿಸಿದ್ದನ್ನು ಬಿಡಲು ಎಂಟು ವರ್ಷ!

ಆಮೇಲೆ ಬಂದ ಏಳನೇ ಮಾರ್ಕ್ ಗುಂಡಿನ ಮೂತಿ ಪೂರ್ತಿ ಮುಚ್ಚಿದೆ. ಆದರೆ ಉದ್ದಕ್ಕೆ ಸೀಳಿದರೆ ತುದಿಯಲ್ಲಿ ಸೀಸದ ಬದಲು ಅಲ್ಯೂಮಿನಿಯಂ, ಕೆಲವು ತಯಾರಿಕೆಗಳಲ್ಲಿ ಮರದ ತಿರುಳು ಸಿಗುತ್ತದೆ. ಹಿಂಬದಿ ಭಾರವಾದ್ದರಿಂದ ಅದು ಮೈಯೊಳಗೆ ಪಲ್ಟಿ ಹೊಡೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಇದನ್ನೂ ಡಂಡಂ ಎಂದೇ ದೂರಿದರು. ಕಾನೂನಿನ ಅಕ್ಷರಕ್ಕೆ ಅದು ಡಂಡಂ ಅಲ್ಲ. ಗಾಯಾಳುವಿಗೆ ವ್ಯತ್ಯಾಸ ಎಷ್ಟು ತಿಳಿದಿರಬಹುದೋ.

"ಖಾಲಿ ಖೋಕಾ ಬರೀ ಗುಜರಿ"

1876ರಲ್ಲಿ ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಕಸ್ಟರ್ ಎಂಬ ಸೇನಾಧಿಕಾರಿಯ ತುಕಡಿಯನ್ನು ಲಕೋಟ, ಷೆಯೆನ್ ಯೋಧರು ನಾಮಾವಶೇಷ ಮಾಡಿದರು. ಸೈನಿಕರ ಬಂದೂಕಿನಲ್ಲಿ ತಾಮ್ರದ ಕೇಸು ಸಿಕ್ಕಿಹಾಕಿಕೊಂಡಿದ್ದೇ ಸೋಲಿಗೆ ಕಾರಣ ಎಂಬ ಸಬೂಬು ನೂರು ವರ್ಷ ಓಡಿತು. 1983ರಲ್ಲಿ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟು ನೆಲ ಬರಿದಾಯಿತು. ಪುರಾತತ್ತ್ವಜ್ಞರಾದ ರಿಚರ್ಡ್ ಫಾಕ್ಸ್, ಡಗ್ಲಸ್ ಸ್ಕಾಟ್ ಮುಂದಿನ ವರ್ಷಗಳಲ್ಲಿ ಸಿಕ್ಕ ಕೇಸು, ಗುಂಡುಗಳ ಜಾಗವನ್ನು ಒಂದೊಂದಾಗಿ ನಕ್ಷೆಗೆ ಇಳಿಸಿದರು. ಪ್ರತಿ ಬಂದೂಕಿನ ಸೂಜಿಯೂ ಬುಡದ ಮೇಲೆ ತನ್ನದೇ ಗುರುತು ಬಿಡುತ್ತದೆ. ಅದನ್ನು ಹೋಲಿಸಿ, ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದೂ ಕಂಡರು. ಕಿತ್ತು ತೆಗೆದ ಗಾಯವಿದ್ದ ಕೇಸುಗಳು ಬೆರಳೆಣಿಕೆಯಷ್ಟು. ಎದುರಾಳಿಗಳ ಕೈಯಲ್ಲಿ ಒಂದರ ಹಿಂದೊಂದು ಹಾರಿಸಬಲ್ಲ ಹೆನ್ರಿ, ವಿಂಚೆಸ್ಟರ್ ಬಂದೂಕುಗಳು ಧಾರಾಳವಾಗಿದ್ದವು.

ಎಲ್ಲಿ ಬಿದ್ದಿತ್ತು ಎಂಬ ದಾಖಲೆ ಇದ್ದಾಗ ಮಾತ್ರ ಖೋಕಾ ಇಷ್ಟು ಮಾತಾಡುತ್ತದೆ. ಹೆಕ್ಕಿ ಜೇಬಿಗೆ ಹಾಕಿದ ಕ್ಷಣಕ್ಕೆ ಅರ್ಧ ಸಾಕ್ಷ್ಯ ಸತ್ತಂತೆ.

"ಹಳೆಯದು, ತುಕ್ಕು ಹಿಡಿದಿದೆ, ಇನ್ನೇನು ಸಿಡಿಯುತ್ತದೆ?"

ಸಿಡಿಯುತ್ತದೆ. ಬೆಲ್ಜಿಯಂನ ಹೊಲಗಳಲ್ಲಿ ನೇಗಿಲಿಗೆ ಸಿಗುವ ಮೊದಲ ಮಹಾಯುದ್ಧದ ಶೆಲ್‌ಗಳನ್ನು ಇಂದಿಗೂ ಪ್ರತಿ ವರ್ಷ ಟನ್‌ಗಟ್ಟಲೆ ಎತ್ತಿ, ಪೂಲ್‌ಕಪೆಲ್ಲೆಯ ಸೇನಾ ಕೇಂದ್ರದಲ್ಲಿ ನಿಷ್ಕ್ರಿಯಗೊಳಿಸುತ್ತಾರೆ. ನಮ್ಮಲ್ಲೂ ಫೈರಿಂಗ್ ರೇಂಜಿನ ಆಸುಪಾಸಿನಲ್ಲಿ ಗುಜರಿಗೆಂದು ಲೋಹ ಹೆಕ್ಕಿ ಸುತ್ತಿಗೆಯಲ್ಲಿ ಬಡಿದವರ ಸಾವಿನ ಸುದ್ದಿ ಬರುತ್ತಲೇ ಇರುತ್ತದೆ. ಹೆಬ್ಬೆರಳಿಗಿಂತ ದಪ್ಪದ ಯಾವುದೇ ವಸ್ತುವಿನ ತಲೆಯೊಳಗೇ ಸ್ಫೋಟಕ ಇರಬಹುದು. ಬೆಂಕಿಗೆ ಬಿದ್ದ ತೋಟಾದಿಂದ ಗುಂಡು ಬಂದೂಕಿನಷ್ಟು ವೇಗದಲ್ಲಿ ಹಾರುತ್ತದೆ ಎಂಬುದು ಮಾತ್ರ ಸುಳ್ಳು. ಸುತ್ತ ನಳಿಕೆಯ ಬಿಗಿ ಇಲ್ಲದ್ದರಿಂದ ಹಗುರಾದ ಕೇಸೇ ಹರಿದು ಚೂರಾಗಿ ಎಗರುತ್ತದೆ. ಕಣ್ಣು ಹೋಗಲು ಅದು ಸಾಕು.

ಗುಂಡಿಲ್ಲದ 'ಬ್ಲ್ಯಾಂಕ್' ಆಟದ ಸಾಮಾನು ಎನ್ನುವವರಿಗೆ 1984ರ ಒಂದು ಸಂಗತಿ ಸಾಕು: ಅಮೆರಿಕದ ನಟ ಜಾನ್ ಎರಿಕ್ ಹೆಕ್ಸಮ್ ಚಿತ್ರೀಕರಣದ ಬಿಡುವಿನಲ್ಲಿ ಬ್ಲ್ಯಾಂಕ್ ತುಂಬಿದ ರಿವಾಲ್ವರನ್ನು ತಮಾಷೆಗೆ ಹಣೆಯ ಪಕ್ಕ ಇಟ್ಟು ಕುದುರೆ ಒತ್ತಿದ. ಬ್ಲ್ಯಾಂಕಿನ ಹೊಡೆತಕ್ಕೇ ತಲೆಬುರುಡೆ ಮುರಿದು ತೀರಿಕೊಂಡ.

"ಒಂದೆರಡು ತಾನೇ, ಯಾರು ಕೇಳುತ್ತಾರೆ?"

1959ರ ಶಸ್ತ್ರಾಸ್ತ್ರ ಕಾಯ್ದೆ ಕೇಳುತ್ತದೆ. ಅದರ ವ್ಯಾಖ್ಯೆಯಲ್ಲಿ ಮದ್ದುಗುಂಡು ಎಂದರೆ ಅದರ ಬಿಡಿಭಾಗಗಳೂ ಸೇರಿವೆ. 45ನೇ ಕಲಮು, ಪೂರಕ ಭಾಗಗಳ ಜೊತೆ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಭಾಗಗಳಿಗೆ ವಿನಾಯಿತಿ ಕೊಡುತ್ತದೆ ನಿಜ. ಅರಿವಿಲ್ಲದೆ ಬ್ಯಾಗಿನಲ್ಲಿ ಉಳಿದಿತ್ತು ಎಂದು ಮನವರಿಕೆಯಾದಾಗ ಹೈಕೋರ್ಟುಗಳು ಪ್ರಕರಣ ರದ್ದು ಮಾಡಿದ್ದೂ ಉಂಟು. ಆದರೆ ಅದೆಲ್ಲ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದು, ಎಫ್‌ಐಆರ್ ಆಗಿ, ವಕೀಲರ ಫೀಸು ಕಟ್ಟಿದ ಮೇಲಿನ ಮಾತು.

ಕೊಡಗಿನವರಿಗೆ ಎಲ್ಲಕ್ಕೂ ಮಾಫಿ ಎಂಬುದೂ ತಪ್ಪು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಅದು ಪಿಸ್ತೂಲು, ರಿವಾಲ್ವರ್, ಜೋಡುನಳಿಕೆ ಕೋವಿಗಳಂಥವಕ್ಕೆ. ಸೈನ್ಯದ ತೋಟಾ ಅದರೊಳಗೆ ಬಾರದು.

ಹಾಗಾದರೆ ಇಲ್ಲಿ ಹವ್ಯಾಸ ಹೇಗೆ? ವಸ್ತುವನ್ನು ಮನೆಗೆ ತರದೆ ಫೋಟೊ, ಅಳತೆ, ಮುದ್ರೆಯ ಪಟ್ಟಿ ಮಾಡಿಕೊಳ್ಳುವುದು. ವಸ್ತು ಸಂಗ್ರಹಾಲಯಗಳಲ್ಲಿ ಪೆಟ್ಟಿಗೆಯ ಗಾಜಿಗೆ ಮೂಗು ತಾಗಿಸಿ ನಿಲ್ಲುವುದು. ತಾತನ ಟ್ರಂಕಿನಲ್ಲಿ ತೋಟಾ ಸಿಕ್ಕರೆ ಅದನ್ನು ಬಡಿಯದೆ, ಬಿಸಿ ಮಾಡದೆ, ಹೊತ್ತು ತಿರುಗದೆ ಇದ್ದಲ್ಲೇ ಬಿಟ್ಟು ಹತ್ತಿರದ ಠಾಣೆಗೆ ಅಥವಾ 112ಕ್ಕೆ ತಿಳಿಸಬೇಕು. ನೆನಪಿಗೊಂದು ಖೋಕಾ ಇರಲಿ ಎಂದು ಎನ್‌ಸಿಸಿ ರೇಂಜಿನಿಂದ ಎಗರಿಸುವ ಯೋಚನೆಯೂ ಬೇಡ. ಎಷ್ಟು ತೋಟಾ ಕೊಟ್ಟಿದ್ದರೋ ಅಷ್ಟೇ ಖೋಕಾ ಲೆಕ್ಕಕ್ಕೆ ಬರುವ ತನಕ ಹವಾಲ್ದಾರರು ಕ್ಯಾಡೆಟ್‌ಗಳನ್ನು ಮೈದಾನದಲ್ಲೇ ಸಾಲು ನಿಲ್ಲಿಸಿ ಹುಲ್ಲು ತಡಕಿಸುತ್ತಾರೆ.