ಅಕ್ಕ ಡ್ಯಾನ್ಸರ್, ತಂಗಿ ಭೂಗತ!

ಭಟ್ಕಳದ ಶಿರಾಲಿ ಅಂದರೆ ಅನಂತನಾಗ್, ಹೊನ್ನಾವರ ಅಂದರೆ ಶಂಕರನಾಗ್. ಕುಮಟಾದಲ್ಲಿ ಭಟ್ಕಳದ ಬಸ್ಸು ಹತ್ತಿ ಯಾರ ಪಕ್ಕ ಕೂತರೂ ಈ ಅಣ್ಣ-ತಮ್ಮಂದಿರ ಮಾತು ಒಮ್ಮೆಯಾದರೂ ಬಂದೇ ಬರುತ್ತೆ. ನಾನೂ ಆ ದಾರೀಲಿ ಓಡಾಡಿ ಸವೆದವನೇ. ಈ ವಾರ ಮಾತ್ರ ಅವರನ್ನು ಬದಿಗಿಟ್ಟು ಒಂದು ಅಕ್ಕ-ತಂಗಿಯರ ಕಥೆ ಹೇಳ್ತೀನಿ. ಕಟ್ಟುಕಥೆ ಅಲ್ಲ ಮಿತ್ರರೇ, ನಡೆದದ್ದು!

1959ರಲ್ಲಿ ಹಾಲಿವುಡ್ಡಿನಲ್ಲಿ 'ದಿ ಡೈರಿ ಆಫ್ ಆನ್ ಫ್ರಾಂಕ್' ಎಂಬ ಚಿತ್ರ ಬಂತು. ಆಮ್‌ಸ್ಟರ್‌ಡಾಮಿನಲ್ಲಿ ಹಿಟ್ಲರನ ಪಡೆಗೆ ಹೆದರಿ ಅಡಗಿ ಕೂತ ಯಹೂದಿ ಕುಟುಂಬದ ಕಥೆ. ನಿರ್ದೇಶಕ ಜಾರ್ಜ್ ಸ್ಟೀವನ್ಸ್. ಯುದ್ಧದಲ್ಲಿ ಅಮೆರಿಕನ್ ಸೇನೆಯ ಕ್ಯಾಮೆರಾ ತಂಡದ ಜೊತೆ ಹೋಗಿ ಡಾಖಾವ್ ಶಿಬಿರದ ಹೆಣಗಳನ್ನು ಕಣ್ಣಾರೆ ಕಂಡಿದ್ದ ಮನುಷ್ಯ. ಚಿತ್ರಕ್ಕೆ ಮೂರು ಆಸ್ಕರ್. ಪೋಷಕ ನಟಿ ಪ್ರಶಸ್ತಿ ಗೆದ್ದ ಶೆಲ್ಲಿ ವಿಂಟರ್ಸ್ ಆ ಗೊಂಬೆಯನ್ನು ಆನ್ ಫ್ರಾಂಕಳ ಮನೆಗೇ ಕೊಟ್ಟುಬಿಟ್ಟಳು. ಆನ್ ಪಾತ್ರಕ್ಕೆ ಮೊದಲು ಕೇಳಿದ್ದು ಯಾರನ್ನು ಗೊತ್ತೇ? ಆಡ್ರೆ ಹೆಪ್‌ಬರ್ನ್! ಆನ್ ಹುಟ್ಟಿದ 1929ರಲ್ಲೇ ಹುಟ್ಟಿ, ಯುದ್ಧಕಾಲದ ಹಾಲೆಂಡಿನಲ್ಲೇ ಬೆಳೆದವಳು. ಆಕೆ ಒಲ್ಲೆ ಅಂದಳು.

ಆದರೆ ಅಡಗುತಾಣ ಪೊಲೀಸರಿಗೆ ಸಿಕ್ಕಿಬೀಳುವಲ್ಲಿಗೆ ಚಿತ್ರದ ಕಥೆ ನಿಲ್ಲುತ್ತೆ. ಮುಂದಿನದನ್ನು ನೋಡಿ, ಬದುಕಿ ಬಂದು ಹೇಳಿದವರು ಲೀನ್ ಮತ್ತು ಯಾನಿ ಬ್ರಿಲ್ಲೆಸ್ಲೈಪರ್.

ಅಕ್ಕ ಲೀನ್ 1912ರವಳು, ತಂಗಿ ಯಾನಿ 1916ರವಳು. ಅಕ್ಕ ಕುಣಿಯುವವಳು, ಹಾಡುವವಳು. ಅವಳ ಸಂಗಾತಿ ಎಬರ್ಹಾರ್ಡ್ ರೆಬ್ಲಿಂಗ್ ಪಿಯಾನೋ ನುಡಿಸುವ ಜರ್ಮನ್. ಹಿಟ್ಲರನ ಆಳ್ವಿಕೆ ಬೇಡವೆಂದು ದೇಶ ಬಿಟ್ಟು ಬಂದವನು. ತಂಗಿಗೆ ಕಲೆಗಿಂತ ರಾಜಕೀಯದ ಹುಚ್ಚು. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ನುಗ್ಗಿ ಐದೇ ದಿನದಲ್ಲಿ ಹಾಲೆಂಡನ್ನು ಮಣಿಸಿತು. ಯಹೂದಿಗಳೆಲ್ಲ ಹೆಸರು ಬರೆಸಬೇಕೆಂಬ ಹುಕುಂ ಬಂದಾಗ ಯಾನಿ ಬರೆಸಲೇ ಇಲ್ಲ! ಬದಲಿಗೆ ಖೊಟ್ಟಿ ಗುರುತಿನ ಚೀಟಿ, ರೇಷನ್ ಕಾರ್ಡು ಸಾಗಿಸುವ ಭೂಗತ ಕೆಲಸಕ್ಕೆ ಇಳಿದಳು. ಆಗಲೇ ಅವಳು ಮಕ್ಕಳ ತಾಯಿ.

1943ರ ಫೆಬ್ರವರಿಯಲ್ಲಿ ಅಕ್ಕ-ತಂಗಿ ನಾರ್ಡನ್ ಊರಿನ ಕಾಡಿನ ನಡುವೆ ಒಂದು ದೊಡ್ಡ ಮನೆ ಬಾಡಿಗೆ ಹಿಡಿದರು. ಆಮ್‌ಸ್ಟರ್‌ಡಾಮಿಗೆ ಹೆಚ್ಚುಕಡಿಮೆ ನಮ್ಮ ಕುಮಟಾದಿಂದ ಹೊನ್ನಾವರದಷ್ಟೇ ದೂರ. ಮನೆ ಹೆಸರು 'ಎತ್ತರದ ಗೂಡು'. ಅಪ್ಪ, ಅಮ್ಮ, ತಮ್ಮ, ಮಕ್ಕಳು, ಗುರುತಿದ್ದವರು, ಇಲ್ಲದವರು, ಎಲ್ಲರಿಗೂ ಅಲ್ಲೇ ಜಾಗ. ಅಷ್ಟು ಹೊಟ್ಟೆಗೆ ರೇಷನ್ ಹೊಂದಿಸೋದು ಹುಡುಗಾಟವೇ? ಅದರ ನಡುವೆಯೂ ಪಿಯಾನೋ, ಹಾಡು! ನನ್ನನ್ನು ಕೇಳಿದರೆ ಈ ಮನೆಯೊಂದೇ ಒಂದು ಇಡೀ ಚಿತ್ರ.

ಯಾರೋ ಸುಳಿವು ಕೊಟ್ಟರು. 1944ರ ಜುಲೈ 10, ದಾಳಿ. ಎಬರ್ಹಾರ್ಡ್ ಪೊಲೀಸರ ಕೈಯಿಂದ ತಪ್ಪಿಸಿಕೊಂಡ. ಮಕ್ಕಳು ಹೇಗೋ ಉಳಿದರು. ಅಕ್ಕ-ತಂಗಿ ಮಾತ್ರ ವೆಸ್ಟರ್‌ಬೋರ್ಕ್ ಶಿಬಿರಕ್ಕೆ. ಅಲ್ಲಿಂದ ಆಷ್ವಿಟ್ಜಿಗೆ ಕೊನೆಯ ರೈಲು ಹೊರಟಿದ್ದು ಸೆಪ್ಟೆಂಬರ್ 3ರಂದು. ಸಾವಿರಕ್ಕೂ ಮೇಲ್ಪಟ್ಟ ಜನ. ಅದೇ ರೈಲಿನಲ್ಲಿ ಆನ್ ಫ್ರಾಂಕ್, ಅವಳ ಅಕ್ಕ ಮಾರ್ಗೋಟ್!

ಚಳಿಗಾಲಕ್ಕೆ ನಾಲ್ವರೂ ಬರ್ಗನ್-ಬೆಲ್ಸನ್ ಶಿಬಿರದಲ್ಲಿ. ಎರಡು ಜೋಡಿ ಅಕ್ಕ-ತಂಗಿಯರು. ಅನ್ನವಿಲ್ಲ, ನೀರಿಲ್ಲ, ಮೈತುಂಬ ಹೇನು, ಹೇನಿನಿಂದ ಟೈಫಸ್ ಜ್ವರ. ಯಾನಿ ಅಲ್ಲಿ ರೋಗಿಗಳ ಆರೈಕೆಗೆ ನಿಂತಳು. ಒಂದು ದಿನ ಆನ್ ಬರೀ ಕಂಬಳಿ ಸುತ್ತಿಕೊಂಡು ಬಂದಳು. ಹೇನು ಕಂಡು ಹೇಸಿ ಬಟ್ಟೆಯನ್ನೆಲ್ಲ ಕಿತ್ತೆಸೆದಿದ್ದಳು, ಪಾಪ! ಯಾನಿ ಕೈಗೆ ಸಿಕ್ಕ ಬಟ್ಟೆ ಹೊಂದಿಸಿ ಕೊಟ್ಟಳು. ಕೆಲವೇ ದಿನ. ಮೊದಲು ಮಾರ್ಗೋಟ್ ಹೋದಳು, ಹಿಂದೆಯೇ ಆನ್. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೈನ್ಯ ಬಂದು ಬಾಗಿಲು ತೆರೆದಾಗ ಲೀನ್, ಯಾನಿ ಇಬ್ಬರೂ ಉಸಿರಾಡುತ್ತಿದ್ದರು. ಅಪ್ಪ, ಅಮ್ಮ, ತಮ್ಮ ಹಿಂದಿರುಗಲಿಲ್ಲ. ಹಾಲೆಂಡಿನ ಸುಮಾರು 1,40,000 ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಹೀಗೇ ಹೋದರು.

ಆ ಜುಲೈಯಲ್ಲಿ ಆನ್‌ಳ ತಂದೆ ಆಟೋ ಫ್ರಾಂಕ್ ಮಕ್ಕಳನ್ನು ಹುಡುಕುತ್ತ ಇವರಲ್ಲಿಗೆ ಬಂದರು. ಇಬ್ಬರೂ ಇಲ್ಲ ಅಂತ ಆ ತಂದೆಗೆ ಹೇಳಬೇಕಾಯಿತು. ಯಾವ ನಟಿಗೆ ಸಾಧ್ಯ ಸ್ವಾಮಿ, ಆ ಒಂದು ಶಾಟ್?

ನಮ್ಮ ಕಡೆಗೂ ಇದರ ಎಳೆ ಇದೆ. ಬೆಳಿಗ್ಗೆ ರೇಡಿಯೋ ತಿರುಗಿಸಿದರೆ ಕೇಳಿಸುವ ಆಕಾಶವಾಣಿಯ ರಾಗವನ್ನು ಕಟ್ಟಿದವನೆಂದು ಹೆಸರಾದ ವಾಲ್ಟರ್ ಕೌಫ್‌ಮನ್ ಕೂಡ ಯಹೂದಿಯೇ. ಹಿಟ್ಲರನ ಕಾಲದಲ್ಲಿ, 1934ರಲ್ಲಿ, ಮುಂಬೈಗೆ ಬಂದವನು.

ಲೀನ್ ಆಮೇಲೆ 'ಲಿನ್ ಯಲ್ದಾತಿ' ಎಂಬ ಹೆಸರಲ್ಲಿ ಪೂರ್ವ ಜರ್ಮನಿಯಲ್ಲಿ ಯಹೂದಿಗಳ ಯಿಡ್ಡಿಷ್ ಹಾಡು ಹಾಡಿದಳು. ಪಿಯಾನೋಕ್ಕೆ ಅದೇ ಎಬರ್ಹಾರ್ಡ್. ತೀರಿಕೊಂಡದ್ದು 1988ರಲ್ಲಿ. ಅದೇ ವರ್ಷ ವಿಲ್ಲಿ ಲಿಂಡ್‌ವರ್ ತೆಗೆದ, ಆನ್‌ಳ ಕೊನೆಯ ಏಳು ತಿಂಗಳ ಸಾಕ್ಷ್ಯಚಿತ್ರದಲ್ಲಿ ಯಾನಿ ಕ್ಯಾಮೆರಾ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಅವಳು 2003ರವರೆಗೆ ಬದುಕಿದ್ದಳು.

ಈ ಕಥೆಯನ್ನು ಕನ್ನಡದಲ್ಲಿ ತೆಗೆದರೆ ಲೀನ್ ಯಾರು, ಯಾನಿ ಯಾರು? ನಿಮಗೆ ತೋಚಿದ ಜೋಡಿಯ ಹೆಸರನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಿ.